ಕೈಯಲ್ಲೇ ಹಿಡಿದು ಆಡುವ ಕಾರ್ಟ್ ರೇಸಿಂಗ್: ಪದೇ ಪದೇ ಕೇಳುವ ಪ್ರಶ್ನೆಗಳು

ಈ ಉತ್ತರಗಳು ಮುಖ್ಯವಾಗಿ ನಿಂಟೆಂಡೊ ಸ್ವಿಚ್‌ನ ‘ಮಾರಿಯೊ ಕಾರ್ಟ್ 8 ಡಿಲಕ್ಸ್’ ಆಟವನ್ನು ಟಿವಿಗೆ ಸಿಕ್ಕಿಸದೆ ಕೈಯಲ್ಲೇ ಹಿಡಿದು ಆಡುವವರಿಗೆ. ಗೇಮ್‌ಬಾಯ್ ಅಡ್ವಾನ್ಸ್, ಡಿಎಸ್, 3ಡಿಎಸ್‌ನ ಹಳೆಯ ಕಾರ್ಟ್ ಆಟಗಳ ಮಾತೂ ಬೇಕಾದ ಕಡೆ ಬರುತ್ತದೆ. ಬಟನ್‌ಗಳ ಹೆಸರು ಸ್ವಿಚ್‌ನವು.

ಕಾರ್ಟ್ ರೇಸಿಂಗ್‌ಗೂ ಮಾಮೂಲಿ ಕಾರ್ ರೇಸ್ ಆಟಕ್ಕೂ ಏನು ವ್ಯತ್ಯಾಸ?

ಗಾಡಿ ಚಿಕ್ಕದು, ಗೇರ್ ಇಲ್ಲ, ಎಷ್ಟು ಗುದ್ದಿದರೂ ಗಾಡಿ ಜಖಂ ಆಗುವುದಿಲ್ಲ. ದಾರಿಯ ಮೇಲೆ ಐಟಂ ಬಾಕ್ಸ್‌ಗಳು ತೇಲುತ್ತಿರುತ್ತವೆ. ಅವನ್ನು ಹಾಯ್ದು ಹೋದರೆ ಬಾಳೆಹಣ್ಣಿನ ಸಿಪ್ಪೆ, ಎಸೆಯುವ ಶೆಲ್ (ಆಮೆಚಿಪ್ಪು), ವೇಗ ಕೊಡುವ ಮಶ್ರೂಮ್, ಹೀಗೆ ಏನಾದರೊಂದು ಕೈಗೆ ಬರುತ್ತದೆ. ಓಡಿಸುವ ಕೆಲಸದ ಜೊತೆಗೆ ಹೊಡೆಯುವ, ತಪ್ಪಿಸಿಕೊಳ್ಳುವ ಕೆಲಸವೂ ಸೇರಿಕೊಳ್ಳುತ್ತದೆ.

ಈ ಬಗೆಯ ಆಟಕ್ಕೆ ಅಚ್ಚು ಹಾಕಿಕೊಟ್ಟದ್ದು 1992ರ ‘ಸೂಪರ್ ಮಾರಿಯೊ ಕಾರ್ಟ್’. ಅದು ಟಿವಿಯ ಆಟ. ಮಾರಿಯೊ ಕಾರ್ಟ್ ಅಂಗೈಗೆ ಬಂದದ್ದು 2001ರಲ್ಲಿ, ಗೇಮ್‌ಬಾಯ್ ಅಡ್ವಾನ್ಸ್‌ನ ‘ಸೂಪರ್ ಸರ್ಕಿಟ್’ ಮೂಲಕ. ಅದರ ಬೆನ್ನಿಗೆ 2005ರಲ್ಲಿ ‘ಮಾರಿಯೊ ಕಾರ್ಟ್ ಡಿಎಸ್’, 2011ರಲ್ಲಿ 3ಡಿಎಸ್‌ಗೆ ‘ಮಾರಿಯೊ ಕಾರ್ಟ್ 7’, 2017ರಲ್ಲಿ ಸ್ವಿಚ್‌ಗೆ ‘8 ಡಿಲಕ್ಸ್’ ಬಂದವು.

ನೋಡಿದರೆ ಮಕ್ಕಳಾಟ. ದೊಡ್ಡವರು ಇದಕ್ಕೆ ಅಂಟಿಕೊಳ್ಳುವುದು ಯಾಕೆ?

ಒಂದೇ ಆಟದ ಒಳಗೆ ಎರಡು ಆಟಗಳಿವೆ. ಮೇಲಿನದು ಎಲ್ಲರಿಗೂ ಕಾಣುತ್ತದೆ: ಬಣ್ಣ, ಗದ್ದಲ, ಶೆಲ್ ಹೊಡೆತ, ಕೊನೆಯ ತಿರುವಿನಲ್ಲಿ ತಲೆಕೆಳಗಾಗುವ ಸ್ಥಾನಗಳು. ಇದಕ್ಕೆ ಐದು ನಿಮಿಷದ ಅಭ್ಯಾಸ ಸಾಕು. ಒಳಗಿನದು ಕಾಣಲು ಸ್ವಲ್ಪ ದಿನ ಬೇಕು: ತಿರುವಿನಲ್ಲಿ ಅಡ್ಡಕ್ಕೆ ಜಾರುವ ಡ್ರಿಫ್ಟ್ ಯಾವಾಗ ಹಿಡಿಯಬೇಕು, ಯಾವಾಗ ಬಿಡಬೇಕು, ನಾಣ್ಯಗಳ ಸಾಲು ಹಿಡಿಯಲು ಒಳಮೈ ಬಿಟ್ಟುಕೊಡಬೇಕೇ, ಕೈಯಲ್ಲಿರುವ ಐಟಂ ಈಗ ಎಸೆಯಬೇಕೇ ಅಥವಾ ಉಳಿಸಿಕೊಳ್ಳಬೇಕೇ. ಪ್ರತಿ ತಿರುವಿನಲ್ಲೂ ಇಂಥ ಒಂದು ಸಣ್ಣ ಲೆಕ್ಕಾಚಾರ ಇರುತ್ತದೆ, ಅದರ ಫಲ ಕೂಡಲೇ ಕಾಣುತ್ತದೆ.

ಈ ಎರಡೂ ಒಟ್ಟಿಗೆ ನಡೆಯುವುದರಿಂದ ಹತ್ತು ವರ್ಷದ ಹುಡುಗಿಯೂ ಪಳಗಿದ ಆಟಗಾರನೂ ಒಂದೇ ರೇಸಿನಲ್ಲಿ ಇರಬಹುದು, ಇಬ್ಬರಿಗೂ ಬೇಸರ ಬರುವುದಿಲ್ಲ. ‘8 ಡಿಲಕ್ಸ್’ನ ಆರು ಕೋಟಿಗೂ ಹೆಚ್ಚು ಪ್ರತಿಗಳು ಮಾರಾಟವಾಗಿವೆ, ಬರೀ ಮಕ್ಕಳಿಂದ ಆ ಸಂಖ್ಯೆ ಬರುವುದಿಲ್ಲ.

ದೊಡ್ಡ ಟಿವಿ ಇದ್ದರೂ ಚಿಕ್ಕ ಪರದೆಯಲ್ಲಿ ಯಾಕೆ ಆಡಬೇಕು?

ಮೊದಲ ಕಾರಣ ಸಮಯ. 150ಸಿಸಿ ಎಂಬ ವೇಗದ ಹಂತದಲ್ಲಿ ಮೂರು ಲ್ಯಾಪ್‌ನ ಒಂದು ರೇಸ್ ಸುಮಾರು ಎರಡು ನಿಮಿಷ. ನಾಲ್ಕು ರೇಸ್‌ಗಳ ಒಂದು ಕಪ್ ಹತ್ತು-ಹನ್ನೆರಡು ನಿಮಿಷ. ನಡುವೆ ಎದ್ದು ಹೋಗಬೇಕಾದರೆ ಪವರ್ ಬಟನ್ ಒಮ್ಮೆ ಒತ್ತಿದರೆ ಯಂತ್ರ ನಿದ್ದೆಗೆ ಜಾರುತ್ತದೆ, ಮತ್ತೆ ಎಬ್ಬಿಸಿದಾಗ ರೇಸ್ ನಿಂತಲ್ಲೇ ಇರುತ್ತದೆ. (ಆನ್‌ಲೈನ್ ರೇಸ್‌ಗೆ ಇದು ನಡೆಯುವುದಿಲ್ಲ, ಸಂಪರ್ಕ ಕಡಿದುಹೋಗುತ್ತದೆ.)

ಎರಡನೆಯದು ವಿಳಂಬ. ಅನೇಕ ಟಿವಿಗಳು ಚಿತ್ರವನ್ನು ಸಂಸ್ಕರಿಸಿ ತೋರಿಸುವಷ್ಟರಲ್ಲಿ ಸ್ವಲ್ಪ ತಡವಾಗುತ್ತದೆ. ಡ್ರಿಫ್ಟ್ ಬಿಡುವ ಕ್ಷಣ ಅಷ್ಟರಲ್ಲೇ ತಪ್ಪಬಹುದು. ಯಂತ್ರದ ಸ್ವಂತ ಪರದೆಯಲ್ಲಿ ಈ ತೊಂದರೆ ಇಲ್ಲ. ಟಿವಿಯಲ್ಲೇ ಆಡುವುದಾದರೆ ಅದರ ಗೇಮ್ ಮೋಡ್ ಹಾಕಿಕೊಳ್ಳಿ.

ಕಳೆದುಕೊಳ್ಳುವುದೂ ಇದೆ. ಟಿವಿಯಲ್ಲಿ 1080ಪಿ ಬರುವ ಚಿತ್ರ ಕೈಯಲ್ಲಿ 720ಪಿ. ಆದರೆ ಸೆಕೆಂಡಿಗೆ 60 ಫ್ರೇಮ್‌ಗಳ ಓಟ ಎರಡರಲ್ಲೂ ಒಂದೇ, ಮತ್ತು ರೇಸಿಂಗ್‌ಗೆ ಚಿತ್ರದ ಸ್ಪಷ್ಟತೆಗಿಂತ ಫ್ರೇಮ್ ಮುಖ್ಯ. 6.2 ಇಂಚಿನ ಮೂಲ ಸ್ವಿಚ್, 7 ಇಂಚಿನ ಓಲೆಡ್ ಎರಡರಲ್ಲೂ ದೂರದ ಬಾಳೆಸಿಪ್ಪೆ ಸ್ಪಷ್ಟವಾಗಿ ಕಾಣುತ್ತದೆ. 5.5 ಇಂಚಿನ ಸ್ವಿಚ್ ಲೈಟ್‌ನಲ್ಲಿ ಒಬ್ಬರೇ ಆಡಲು ಅಡ್ಡಿಯಿಲ್ಲ; ಪರದೆ ಹಂಚಿಕೊಂಡು ಆಡುವುದಾದರೆ ಕಣ್ಣಿಗೆ ತ್ರಾಸ.

ಎಲ್ಲ ಅದೃಷ್ಟದ ಮೇಲೆ ನಡೆಯುತ್ತದೆ ಅಂತಾರೆ. ನಿಜವೇ?

ಒಂದು ರೇಸ್ ಮಟ್ಟಿಗೆ ಹೌದು. ನಾಲ್ಕು ರೇಸ್ ಸೇರಿದರೆ ಅಷ್ಟು ನಿಜವಲ್ಲ, ಹನ್ನೆರಡು ಸೇರಿದರೆ ಇನ್ನೂ ಕಡಿಮೆ.

ಐಟಂ ಬಾಕ್ಸ್ ಮನಬಂದಂತೆ ಹಂಚುವುದಿಲ್ಲ. ಮುಂದಿರುವವರಿಗೆ ನಾಣ್ಯ, ಬಾಳೆಸಿಪ್ಪೆ, ಹಸಿರು ಶೆಲ್‌ನಂಥ ಸಪ್ಪೆ ಐಟಂಗಳು. ಹಿಂದಿರುವವರಿಗೆ ನಕ್ಷತ್ರ, ಬುಲೆಟ್ ಬಿಲ್, ಮಿಂಚಿನಂಥ ಬಲವಾದವು. ‘8 ಡಿಲಕ್ಸ್’ನಲ್ಲಿ ಇದು ನಿಮ್ಮ ಸ್ಥಾನದ ಸಂಖ್ಯೆಗಿಂತ ಹೆಚ್ಚಾಗಿ ಮೊದಲನೆಯವರಿಂದ ನೀವು ಎಷ್ಟು ದೂರ ಇದ್ದೀರಿ ಅನ್ನುವುದರ ಮೇಲೆ ನಿಂತಿದೆ. ಎಂಟನೇ ಸ್ಥಾನದಲ್ಲಿದ್ದೂ ಗುಂಪು ಒತ್ತಾಗಿದ್ದರೆ ದೊಡ್ಡ ಐಟಂ ಬರದೆ ಇರುವುದು ಇದಕ್ಕೇ.

ಅಂಕಗಳ ಹಂಚಿಕೆಯಲ್ಲೂ ಲೆಕ್ಕವಿದೆ. 12 ಜನರ ರೇಸಿನಲ್ಲಿ ಮೊದಲನೆಯವರಿಗೆ 15, ಎರಡನೆಯವರಿಗೆ 12, ಮೂರನೆಯವರಿಗೆ 10, ಅಲ್ಲಿಂದ ಒಂದೊಂದೇ ಇಳಿಯುತ್ತ ಕೊನೆಯವರಿಗೆ 1. ಒಂದು ರೇಸಿನಲ್ಲಿ, ಮೊದಲನೆಯವರನ್ನೇ ಹುಡುಕಿ ಹೊಡೆಯುವ ನೀಲಿ ಶೆಲ್ ತಿಂದು ಐದನೆಯವರಾದರೂ 8 ಅಂಕ ಸಿಗುತ್ತದೆ. ಉಳಿದ ಮೂರರಲ್ಲಿ ಮೊದಲ ಮೂವರಲ್ಲಿ ಒಬ್ಬರಾಗಿದ್ದರೆ ಕಪ್ ಇನ್ನೂ ಕೈಗೆಟಕುವಂತಿರುತ್ತದೆ.

ಶುರುವಿನಲ್ಲೇ ಎಲ್ಲರೂ ನನ್ನನ್ನು ದಾಟಿ ಹೋಗುತ್ತಾರೆ. ಏನು ತಪ್ಪುತ್ತಿದೆ?

ವೇಗ ಕೊಡುವ ಎ ಬಟನ್ ಒತ್ತುವ ಸಮಯ. ಎಣಿಕೆಯಲ್ಲಿ ‘2’ ಮೂಡಿದ ಕೂಡಲೇ ಒತ್ತಿ ಹಿಡಿಯಿರಿ, ‘ಗೋ’ ಬರುವ ತನಕ ಬಿಡಬೇಡಿ. ಗಾಡಿ ಚಿಮ್ಮಿ ಹೊರಡುತ್ತದೆ. ‘3’ಕ್ಕೇ ಒತ್ತಿದರೆ ಚಕ್ರ ಗಿರ್ರನೆ ತಿರುಗಿ ನಿಂತಲ್ಲೇ ಉಳಿಯುತ್ತೀರಿ. ‘1’ರ ನಂತರ ಒತ್ತಿದರೆ ಚಿಮ್ಮುವಿಕೆ ಚಿಕ್ಕದು ಅಥವಾ ಇಲ್ಲವೇ ಇಲ್ಲ.

ಡ್ರಿಫ್ಟ್ ಸರಿಯಾಗಿ ಮಾಡುವುದು ಹೇಗೆ?

ಈ ಪುಟದಲ್ಲಿ ಒಂದೇ ಉತ್ತರ ಓದುವುದಾದರೆ ಇದನ್ನು ಓದಿ. ಡ್ರಿಫ್ಟ್ ಬರದವರು 50ಸಿಸಿಯಲ್ಲಿ ಗೆಲ್ಲಬಹುದು, 150ಸಿಸಿಯಲ್ಲಿ ಕಷ್ಟ.

ಎ ಒತ್ತಿ ಹಿಡಿದೇ ಇರಿ. ತಿರುವಿಗೆ ಸ್ವಲ್ಪ ಮೊದಲು ಸ್ಟಿಕ್ಕನ್ನು ತಿರುವಿನ ಕಡೆಗೆ ವಾಲಿಸಿ ಆರ್ ಒತ್ತಿ ಹಿಡಿಯಿರಿ. ಗಾಡಿ ಒಮ್ಮೆ ಕುಪ್ಪಳಿಸಿ, ಅಡ್ಡಕ್ಕೆ ಜಾರಲು ಶುರು ಮಾಡುತ್ತದೆ. ಜಾರುತ್ತಿರುವಾಗ ಹಿಂದಿನ ಚಕ್ರಗಳಿಂದ ಕಿಡಿ ಹಾರುತ್ತದೆ: ಮೊದಲು ನೀಲಿ, ಆಮೇಲೆ ಕಿತ್ತಳೆ, ಇನ್ನೂ ಹಿಡಿದರೆ ನೇರಳೆ. ಆರ್ ಬಿಟ್ಟ ಕೂಡಲೇ ಆ ಬಣ್ಣಕ್ಕೆ ತಕ್ಕ ವೇಗ ಸಿಗುತ್ತದೆ. ಇದನ್ನೇ ಮಿನಿ-ಟರ್ಬೊ ಎನ್ನುವುದು. ನೀಲಿಗಿಂತ ಕಿತ್ತಳೆಯದು, ಕಿತ್ತಳೆಗಿಂತ ನೇರಳೆಯದು ಹೆಚ್ಚು ಹೊತ್ತು ಎಳೆಯುತ್ತದೆ.

ಸಾಮಾನ್ಯವಾಗಿ ಎಡವುವ ಕಡೆಗಳು:

ಸ್ಟಿಕ್ ನೇರವಾಗಿದ್ದಾಗ ಆರ್ ಒತ್ತುವುದು. ಆಗ ಬರೀ ಕುಪ್ಪಳಿಕೆ, ಡ್ರಿಫ್ಟ್ ಇಲ್ಲ. ನೆಲ ಮುಟ್ಟುವ ಮೊದಲು ಸ್ಟಿಕ್ ವಾಲಿರಬೇಕು.

ತೀರಾ ತಡವಾಗಿ ಶುರು ಮಾಡುವುದು. ಡ್ರಿಫ್ಟ್‌ನಲ್ಲಿ ಹೆಚ್ಚಿನ ಗಾಡಿಗಳು ಮೊದಲು ಹೊರಮೈಗೆ ಸರಿದು ಆಮೇಲೆ ಒಳಕ್ಕೆ ತಿರುಗುತ್ತವೆ. ತಿರುವಿನ ಮಧ್ಯದಲ್ಲಿ ಆರ್ ಒತ್ತಿದರೆ ಹೊರಗಿನ ಹುಲ್ಲಿಗೇ ಹೋಗುತ್ತೀರಿ. ಕೆಲವು ಬೈಕ್‌ಗಳು ಮಾತ್ರ ನೇರ ಒಳಕ್ಕೆ ಕಚ್ಚಿಕೊಂಡು ತಿರುಗುತ್ತವೆ. ಕಾರ್ಟ್‌ನಿಂದ ಅವಕ್ಕೆ ಬದಲಾದವರು ಮೊದಲ ದಿನ ಒಳಗೋಡೆಗೆ ಉಜ್ಜುವುದು ಸಹಜ.

ನೇರಳೆಯ ಆಸೆಗೆ ತಿರುವು ಮುಗಿದರೂ ಹಿಡಿದೇ ಇರುವುದು. ಗಾಡಿ ಅಡ್ಡಕ್ಕೆ ನೋಡುತ್ತಿರುವಾಗ ಟರ್ಬೊ ಸಿಕ್ಕಿದರೆ ಅದು ಗೋಡೆಯ ಕಡೆಗೇ ಎಳೆಯುತ್ತದೆ. ಮೂಗು ಮುಂದಿನ ದಾರಿಗೆ ಸರಿಯಾದ ಕ್ಷಣ ಬಿಟ್ಟುಬಿಡಿ, ಕಿಡಿ ಕಿತ್ತಳೆಯಾಗಿದ್ದರೂ ಸರಿ.

ಇಷ್ಟು ಕೈಗೆ ಬಂದ ಮೇಲೆ ಒಂದು ಸೂಕ್ಷ್ಮ ಇದೆ. ಡ್ರಿಫ್ಟ್ ಹಿಡಿದಾಗ ಸ್ಟಿಕ್ಕನ್ನು ಪೂರ್ತಿ ಪಕ್ಕಕ್ಕೆ ಒತ್ತುವ ಬದಲು ಮೇಲ್ಮೂಲೆಯ ಕಡೆ ಇಟ್ಟರೆ ಕಿಡಿ ಚೆನ್ನಾಗಿಯೇ ಏರುತ್ತದೆ, ಗಾಡಿ ಮಾತ್ರ ಅಷ್ಟು ಬಿಗಿಯಾಗಿ ತಿರುಗುವುದಿಲ್ಲ. ಉದ್ದನೆಯ ಸಡಿಲ ತಿರುವುಗಳಲ್ಲಿ ನೇರಳೆ ತಲುಪುವ ದಾರಿ ಇದೇ. ಸ್ಟಿಕ್ಕನ್ನು ಎದುರು ದಿಕ್ಕಿಗೆ ತಳ್ಳಿದರೆ ಕಿಡಿ ಏರುವುದು ನಿಧಾನವಾಗುತ್ತದೆ.

ನನಗೆ ನೇರಳೆ ಕಿಡಿ ಬರುವುದೇ ಇಲ್ಲ. ಎಷ್ಟು ಹೊತ್ತು ಹಿಡಿದರೂ ಕಿತ್ತಳೆಗೇ ನಿಲ್ಲುತ್ತದೆ.

ಸ್ಮಾರ್ಟ್ ಸ್ಟೀರಿಂಗ್ ಚಾಲೂ ಇದೆ. ಗಾಡಿಯ ಹಿಂಬದಿಯಲ್ಲಿ ಚಿಕ್ಕ ಆ್ಯಂಟೆನಾ ಕಾಣಿಸುತ್ತಿದ್ದರೆ ಖಾತ್ರಿ. ಗಾಡಿ ಆಯ್ಕೆಯ ಪರದೆಯಲ್ಲಿ ಪ್ಲಸ್ ಬಟನ್ ಒತ್ತಿದರೆ, ಅಥವಾ ರೇಸ್ ನಿಲ್ಲಿಸಿದಾಗ ಬರುವ ಮೆನುವಿನಲ್ಲಿ, ಅದನ್ನು ಆಫ್ ಮಾಡಬಹುದು. ಸ್ಮಾರ್ಟ್ ಸ್ಟೀರಿಂಗ್ ಗಾಡಿಯನ್ನು ದಾರಿಯಿಂದ ಬೀಳದಂತೆ ಹಿಡಿದೆಳೆಯುತ್ತದೆ. ಅದೇ ಕಾರಣಕ್ಕೆ ಅಡ್ಡದಾರಿಗಳಿಗೂ ಬಿಡುವುದಿಲ್ಲ. ಚಿಕ್ಕ ಮಕ್ಕಳಿಗೆ ಇದು ವರ. ಅವರಿಗೆ ಇದರ ಜೊತೆ ತಾನಾಗಿ ವೇಗ ಹಿಡಿಯುವ ಆಯ್ಕೆಯನ್ನೂ ಹಾಕಿಕೊಟ್ಟರೆ ತಿರುಗಿಸುವುದು, ಐಟಂ ಎಸೆಯುವುದು ಎರಡೇ ಕೆಲಸ ಉಳಿಯುತ್ತದೆ.

ನಾಣ್ಯ ಹೆಕ್ಕುವುದರಿಂದ ಏನು ಲಾಭ?

ಪ್ರತಿ ನಾಣ್ಯಕ್ಕೂ ನಿಮ್ಮ ಗರಿಷ್ಠ ವೇಗ ಚೂರು ಏರುತ್ತದೆ. ಮಿತಿ 10. ಶೆಲ್ ಬಡಿದರೆ ಮೂರು ಉದುರುತ್ತವೆ. ಮೊದಲ ಲ್ಯಾಪ್‌ನಲ್ಲೇ ಹತ್ತು ತುಂಬಿಸಿಕೊಳ್ಳುವುದು ಒಳ್ಳೆಯದು, ಆದರೆ ಎರಡು ನಾಣ್ಯಕ್ಕಾಗಿ ಡ್ರಿಫ್ಟ್ ಮುರಿಯಬೇಡಿ. ರೇಸ್‌ಗಳಲ್ಲಿ ಹೆಕ್ಕಿದ ನಾಣ್ಯಗಳ ಒಟ್ಟು ಮೊತ್ತ ಏರಿದಂತೆ ಹೊಸ ಗಾಡಿ, ಚಕ್ರ, ಗಾಳಿಯಲ್ಲಿ ತೇಲಿಸುವ ಗ್ಲೈಡರ್‌ಗಳೂ ತೆರೆಯುತ್ತವೆ. ಟ್ರ್ಯಾಕ್‌ಗಳಂತೂ ‘8 ಡಿಲಕ್ಸ್’ನಲ್ಲಿ ಮೊದಲ ದಿನದಿಂದಲೇ ತೆರೆದಿವೆ.

ಮೊದಲ ಸ್ಥಾನ ಹಿಡಿದರೂ ಉಳಿಸಿಕೊಳ್ಳಲು ಆಗುತ್ತಿಲ್ಲ. ನೀಲಿ ಶೆಲ್‌ಗೆ ಪರಿಹಾರ ಏನು?

ಮೊದಲು ಕೆಂಪು ಶೆಲ್‌ನ ಮಾತು, ಯಾಕೆಂದರೆ ಹೆಚ್ಚು ಸಲ ಹೊಡೆಯುವುದು ಅದೇ. ಬಾಳೆಸಿಪ್ಪೆ ಅಥವಾ ಹಸಿರು ಶೆಲ್ ಸಿಕ್ಕಿದಾಗ ಎಲ್ ಒತ್ತಿ ಹಿಡಿದೇ ಇರಿ. ಐಟಂ ಗಾಡಿಯ ಬೆನ್ನಿಗೆ ಅಂಟಿಕೊಂಡು ಬರುತ್ತದೆ, ಹಿಂದಿನಿಂದ ಬಂದ ಕೆಂಪು ಶೆಲ್ ಅದಕ್ಕೆ ಬಡಿದು ಸಾಯುತ್ತದೆ. ಎಲ್ ಬಿಟ್ಟರೆ ಐಟಂ ಕೈ ಬಿಡುತ್ತದೆ. ‘8 ಡಿಲಕ್ಸ್’ನಲ್ಲಿ ಎರಡು ಐಟಂ ಇಟ್ಟುಕೊಳ್ಳಬಹುದು, ಆದರೆ ಅವುಗಳ ಸರದಿ ಬದಲಿಸಲಾಗದು. ಮೊದಲನೆಯದು ನಾಣ್ಯವಾಗಿ ಎರಡನೆಯದು ಬಾಳೆಸಿಪ್ಪೆಯಾಗಿದ್ದರೆ ನಾಣ್ಯವನ್ನು ಕೂಡಲೇ ಖರ್ಚು ಮಾಡಿ, ಸಿಪ್ಪೆಯನ್ನು ಬೆನ್ನಿಗೆ ತಂದುಕೊಳ್ಳಿ.

ನೀಲಿ ಶೆಲ್‌ಗೆ ಬೆನ್ನಿನ ಸಿಪ್ಪೆ ತಡೆಯಲ್ಲ. ಸೂಪರ್ ಹಾರ್ನ್ ಎಂಬ ಐಟಂ ಇದ್ದರೆ ಶೆಲ್ ಹತ್ತಿರ ಬಂದಾಗ ಊದಿ, ಶೆಲ್ ಒಡೆದುಹೋಗುತ್ತದೆ. ಮಶ್ರೂಮ್ ಇದ್ದರೂ ಬಚಾವಾಗಬಹುದು: ಶೆಲ್ ನಿಮ್ಮ ತಲೆಯ ಮೇಲೆ ಸುತ್ತಿ, ಕೆಳಕ್ಕೆ ಎರಗುವ ಕ್ಷಣಕ್ಕೆ ಸರಿಯಾಗಿ ಮಶ್ರೂಮ್ ಬಳಸಿದರೆ ಅದರ ಸ್ಫೋಟದಿಂದ ಆಚೆ ಹಾರಿಹೋಗುತ್ತೀರಿ. ಇದಕ್ಕೆ ಅಭ್ಯಾಸ ಬೇಕು. ಸುತ್ತುತ್ತಿರುವಾಗಲೇ ಒತ್ತುವುದು ಎಲ್ಲರೂ ಮಾಡುವ ತಪ್ಪು.

ಎರಡೂ ಇಲ್ಲವೇ? ಎರಡನೆಯವರು ಬೆನ್ನಿಗೇ ಇದ್ದರೆ ಬಿ ಒತ್ತಿ ವೇಗ ತಗ್ಗಿಸಿ ಅವರನ್ನು ಹತ್ತಿರಕ್ಕೆ ಬಿಟ್ಟುಕೊಳ್ಳಿ. ಸ್ಫೋಟ ಅಕ್ಕಪಕ್ಕದವರನ್ನೂ ಎತ್ತಿ ಎಸೆಯುತ್ತದೆ. ಸ್ನೇಹಿತರ ಜೊತೆ ಆಡುವಾಗ ಇದರಿಂದ ಸಿಗುವ ಸಂತೋಷವೇ ಬೇರೆ.

ನೀಲಿ ಶೆಲ್ ಬೇಡವೇ ಬೇಡ ಅನ್ನುವವರಿಗೆ: ಆಟವನ್ನು ಅಪ್‌ಡೇಟ್ ಮಾಡಿಕೊಂಡಿದ್ದರೆ ವಿಎಸ್ ರೇಸಿನ ನಿಯಮಗಳಲ್ಲಿ ಯಾವ ಐಟಂ ಇರಬೇಕು, ಯಾವುದು ಬೇಡ ಎಂದು ಒಂದೊಂದಾಗಿ ಗುರುತಿಸಬಹುದು. ತೆಗೆದು ಆಡಿ ನೋಡಿ. ಒಬ್ಬರು ಚೆನ್ನಾಗಿ ಆಡುವವರಿದ್ದರೆ ಎರಡನೇ ರೇಸಿಗೇ ಉಳಿದವರ ಉತ್ಸಾಹ ಇಳಿದಿರುತ್ತದೆ. ಆ ಶೆಲ್ ಯಾಕಿದೆ ಎಂದು ಗೊತ್ತಾಗುವುದು ಆಗಲೇ.

ಯಾವ ಪಾತ್ರ, ಯಾವ ಗಾಡಿ ಆರಿಸಿಕೊಳ್ಳಲಿ?

ಭಾರದ ಪಾತ್ರಗಳಿಗೆ ಗರಿಷ್ಠ ವೇಗ ಜಾಸ್ತಿ, ಬಿದ್ದೆದ್ದು ಮತ್ತೆ ವೇಗ ಹಿಡಿಯುವುದು ನಿಧಾನ; ಗುದ್ದಾಟದಲ್ಲಿ ಹಗುರದವರನ್ನು ಪಕ್ಕಕ್ಕೆ ತಳ್ಳುತ್ತವೆ. ಹಗುರ ಪಾತ್ರಗಳು ತಕ್ಷಣ ವೇಗ ಹಿಡಿಯುತ್ತವೆ, ಚೆನ್ನಾಗಿ ತಿರುಗುತ್ತವೆ. ಹೊಸಬರು ಹಗುರ ಅಥವಾ ಮಧ್ಯಮದಿಂದ ಶುರು ಮಾಡುವುದು ವಾಸಿ. ಹೊಸಬರಿಗೆ ಪೆಟ್ಟು ಬೀಳುವುದು ಜಾಸ್ತಿ, ಪ್ರತಿ ಪೆಟ್ಟಿನ ನಂತರ ಮತ್ತೆ ವೇಗ ಹಿಡಿಯುವುದೇ ಅವರ ರೇಸಿನ ಅರ್ಧ ಕೆಲಸ.

ಪಾತ್ರ, ಗಾಡಿ, ಚಕ್ರ, ಗ್ಲೈಡರ್ ನಾಲ್ಕೂ ಸೇರಿ ಅಂಕಿ ಬರುತ್ತದೆ. ಆಯ್ಕೆಯ ಪರದೆಯಲ್ಲಿ ಪ್ಲಸ್ ಒತ್ತಿದರೆ ವೇಗ, ವೇಗೋತ್ಕರ್ಷ, ತೂಕ, ತಿರುಗುವಿಕೆ, ಹಿಡಿತಗಳ ಪಟ್ಟಿಗಳು ಕಾಣುತ್ತವೆ. ಕಾಣಿಸದ ಒಂದು ಅಂಕಿಯೂ ಇದೆ: ಮಿನಿ-ಟರ್ಬೊ. ಕಿಡಿ ಎಷ್ಟು ಬೇಗ ಏರುತ್ತದೆ, ಟರ್ಬೊ ಎಷ್ಟು ಹೊತ್ತು ಎಳೆಯುತ್ತದೆ ಎಂಬುದನ್ನು ಅದು ನಿರ್ಧರಿಸುತ್ತದೆ. ಹೆಚ್ಚು ಕಡಿಮೆ ವೇಗೋತ್ಕರ್ಷದ ಜೊತೆಗೇ ಅದೂ ಏರುವುದರಿಂದ, ಆ ಪಟ್ಟಿ ಉದ್ದವಿರುವ ಜೋಡಣೆ ಹಿಡಿದರೆ ತಪ್ಪಾಗುವುದಿಲ್ಲ. ಚಿಕ್ಕ ರೋಲರ್ ಚಕ್ರಗಳು ಆನ್‌ಲೈನ್‌ನಲ್ಲಿ ಎಲ್ಲೆಲ್ಲೂ ಕಾಣಿಸುವುದು ಇದಕ್ಕೇ. ಯೋಶಿ, ಟೆಡ್ಡಿ ಬಗ್ಗಿ, ರೋಲರ್ ಚಕ್ರದ ಜೋಡಿಯನ್ನು ಅಲ್ಲಿ ನೋಡಿ ನೋಡಿ ಸಾಕಾಗುವಷ್ಟು ನೋಡುತ್ತೀರಿ.

200ಸಿಸಿಯಲ್ಲಿ ಪ್ರತಿ ತಿರುವಿನಲ್ಲೂ ಹೊರಗೆ ಬೀಳುತ್ತೇನೆ.

ಅಲ್ಲಿ ಬ್ರೇಕ್ ಬೇಕು. ಡ್ರಿಫ್ಟ್ ಹಿಡಿದಿರುವಾಗಲೇ, ಎ ಮತ್ತು ಆರ್ ಬಿಡದೆ, ಬಿ ಒತ್ತಿ. ವೇಗ ಇಳಿಯುತ್ತದೆ, ಡ್ರಿಫ್ಟ್ ಮುರಿಯುವುದಿಲ್ಲ, ಕಿಡಿಯೂ ಉಳಿಯುತ್ತದೆ. ಬಲ ಹೆಬ್ಬೆರಳಿನ ತುದಿ ಎ ಮೇಲೆ, ಗೆಣ್ಣಿನ ಭಾಗ ಬಿ ಮೇಲೆ ಬರುವಂತೆ ಅಡ್ಡ ಇಟ್ಟುಕೊಂಡರೆ ಎರಡೂ ಒಟ್ಟಿಗೆ ಸಿಗುತ್ತವೆ. ತಿರುಗುವಿಕೆ ಜಾಸ್ತಿ ಇರುವ ಚಕ್ರ ಹಾಕಿ. ಸಿಕ್ಕ ಮಶ್ರೂಮ್ ಎಲ್ಲವನ್ನೂ ಕೂಡಲೇ ಬಳಸಿ ಮುಗಿಸುವ 150ಸಿಸಿಯ ಚಾಳಿ ಇಲ್ಲಿ ಬಿಡಬೇಕು. ನೇರ ದಾರಿ ಕಾಣುವ ತನಕ ಕಾಯಿರಿ.

ಒಂಟಿಯಾಗಿ ಅಭ್ಯಾಸ ಮಾಡಲು ಸರಿಯಾದ ದಾರಿ ಯಾವುದು?

ಟೈಮ್ ಟ್ರಯಲ್. ಎದುರಾಳಿ ಇಲ್ಲ, ಐಟಂ ಬಾಕ್ಸ್ ಇಲ್ಲ, ಕೈಯಲ್ಲಿ ಮೂರು ಮಶ್ರೂಮ್ ಮಾತ್ರ. ಪ್ರತಿ ಟ್ರ್ಯಾಕ್‌ಗೂ ಆಟ ತಯಾರಿಸಿದವರ ಸಮಯ ಒಂದು ಪಾರದರ್ಶಕ ಗಾಡಿಯ ರೂಪದಲ್ಲಿ ಪಕ್ಕದಲ್ಲೇ ಓಡುತ್ತದೆ. ಮೊದಲ ಓಟದಲ್ಲಿ ಅದನ್ನು ಸೋಲಿಸಲು ಹೋಗದೆ ಹಿಂಬಾಲಿಸಿ: ಎಲ್ಲಿ ಡ್ರಿಫ್ಟ್ ಹಿಡಿಯುತ್ತದೆ, ಯಾವ ಹುಲ್ಲಿನ ಮೇಲೆ ಮಶ್ರೂಮ್ ಬಳಸಿ ಕತ್ತರಿಸಿ ಹೋಗುತ್ತದೆ ಎಂದು ಗಮನಿಸಿ. ಎರಡನೇ ಓಟದಿಂದ ಪೈಪೋಟಿ.

ಶುರು ಮಾಡಲು ಬೇಬಿ ಪಾರ್ಕ್ ಬೇಡ. ಅದು ಏಳು ಲ್ಯಾಪ್‌ಗಳ ಪುಟ್ಟ ವೃತ್ತ, ಗುಂಪಿನ ಗಲಾಟೆಗೆ ಸೊಗಸು, ಕಲಿಯಲು ಏನೂ ಇಲ್ಲ. ಮಾರಿಯೊ ಕಾರ್ಟ್ ಸ್ಟೇಡಿಯಂ ಒಳ್ಳೆಯದು: ಅಗಲ ರಸ್ತೆ, ಉದ್ದ ತಿರುವು. ರ‍್ಯಾಂಪಿನ ಅಂಚು ದಾಟುವಾಗ ಆರ್ ಒತ್ತಿ ಗಾಳಿಯಲ್ಲಿ ಕಸರತ್ತು ಮಾಡುವುದನ್ನು ಅಲ್ಲೇ ರೂಢಿಸಿಕೊಳ್ಳಿ. ನೆಲಕ್ಕಿಳಿದಾಗ ಪುಟ್ಟ ವೇಗ ಪುಕ್ಕಟೆ. ಗಾಡಿಯ ಚಕ್ರಗಳು ಅಡ್ಡಕ್ಕೆ ಮಡಚಿಕೊಳ್ಳುವ ಗುರುತ್ವವಿಲ್ಲದ ಭಾಗಗಳಲ್ಲಿ ಬೇರೆ ಗಾಡಿಗೆ ತಾಗಿದರೂ ವೇಗ ಸಿಗುತ್ತದೆ, ಅಲ್ಲಿ ಡಿಕ್ಕಿಗೆ ಹೆದರಬೇಕಿಲ್ಲ.

ಸ್ನೇಹಿತರ ಜೊತೆ ಆಡಲು ಎಷ್ಟು ಯಂತ್ರ, ಎಷ್ಟು ಪ್ರತಿ ಬೇಕು?

ಒಂದೇ ಸ್ವಿಚ್‌ನಲ್ಲಿ ಪರದೆ ಹಂಚಿಕೊಂಡು ನಾಲ್ವರ ತನಕ. ಇಬ್ಬರಾದರೆ ಯಂತ್ರದ ಎರಡು ಬದಿಯ ಕಂಟ್ರೋಲರ್ ಆದ ಜಾಯ್-ಕಾನ್‌ಗಳನ್ನು ಕಳಚಿ ಅಡ್ಡ ಹಿಡಿದರೆ ಸಾಕು. ಆಗ ಡ್ರಿಫ್ಟ್‌ಗೆ ಎಸ್‌ಆರ್, ಐಟಂಗೆ ಎಸ್‌ಎಲ್. ಇಬ್ಬರ ತನಕ 60 ಫ್ರೇಮ್ ಉಳಿಯುತ್ತದೆ, ಮೂವರು-ನಾಲ್ವರಾದರೆ 30ಕ್ಕೆ ಇಳಿಯುತ್ತದೆ. ಸ್ವಿಚ್ ಲೈಟ್‌ನ ಕಂಟ್ರೋಲರ್‌ಗಳು ಕಳಚುವುದಿಲ್ಲ, ಬೇರೆ ಜೋಡಿಸಿಕೊಳ್ಳಬೇಕು.

ಹಲವು ಯಂತ್ರಗಳಿದ್ದರೆ ಇಂಟರ್ನೆಟ್ ಇಲ್ಲದೆಯೇ, ಅಕ್ಕಪಕ್ಕ ಕೂತು, ಎಂಟು ಜನರ ತನಕ ಆಡಬಹುದು. ಪ್ರತಿ ಯಂತ್ರಕ್ಕೂ ಆಟದ ಪ್ರತಿ ಬೇಕು. ಮುಖ್ಯ ಮೆನುವಿನಲ್ಲಿ ವೈರ್‌ಲೆಸ್ ಪ್ಲೇ ಆರಿಸಿ ಒಬ್ಬರು ಕೋಣೆ ತೆರೆಯಬೇಕು, ಉಳಿದವರು ಸೇರಬೇಕು. ಕೋಣೆ ಕಾಣಿಸದಿದ್ದರೆ ಎರಡು ಕಾರಣ ನೋಡಿ. ಯಾರದೋ ಯಂತ್ರ ಏರ್‌ಪ್ಲೇನ್ ಮೋಡ್‌ನಲ್ಲಿರಬಹುದು. ಇಲ್ಲವೇ ಆಟದ ಆವೃತ್ತಿಗಳು ಬೇರೆಬೇರೆ ಇರಬಹುದು: ಹೋಮ್ ಮೆನುವಿನಲ್ಲಿ ಆಟದ ಚಿತ್ರದ ಮೇಲೆ ಪ್ಲಸ್ ಒತ್ತಿ, ಸಾಫ್ಟ್‌ವೇರ್ ಅಪ್‌ಡೇಟ್‌ಗೆ ಹೋಗಿ, ಹತ್ತಿರದ ಬಳಕೆದಾರರ ಆವೃತ್ತಿಗೆ ಹೊಂದಿಸುವ ಆಯ್ಕೆ ಹಿಡಿಯಿರಿ. ಹೊಸ ಆವೃತ್ತಿ ಇರುವ ಯಂತ್ರದಿಂದ ಹಳೆಯದಕ್ಕೆ ನೇರವಾಗಿ ಬರುತ್ತದೆ, ಇಂಟರ್ನೆಟ್ ಬೇಕಿಲ್ಲ.

ಈ ವಿಷಯದಲ್ಲಿ ಹಳೆಯ ಯಂತ್ರಗಳು ಉದಾರಿಗಳಾಗಿದ್ದವು ಎಂದೇ ಹೇಳಬೇಕು. ಡಿಎಸ್‌ನಲ್ಲಿ ಒಬ್ಬರ ಬಳಿ ಕಾರ್ಟ್ರಿಡ್ಜ್ ಇದ್ದರೆ ಉಳಿದವರು ಡೌನ್‌ಲೋಡ್ ಪ್ಲೇ ಮೂಲಕ ಸೇರಿಕೊಳ್ಳಬಹುದಿತ್ತು, ಶೈ ಗೈ ಪಾತ್ರವೊಂದೇ ಗತಿ ಅನ್ನುವುದು ಬಿಟ್ಟರೆ.

ಆನ್‌ಲೈನ್‌ನಲ್ಲಿ ತಪ್ಪಿಸಿಕೊಂಡೆ ಅಂದುಕೊಂಡಾಗಲೇ ಪೆಟ್ಟು ಬೀಳುತ್ತದೆ. ಯಾಕೆ?

ಆಟಗಾರರ ಯಂತ್ರಗಳು ಒಂದಕ್ಕೊಂದು ನೇರವಾಗಿ ಮಾತಾಡಿಕೊಳ್ಳುತ್ತವೆ. ನಿಮ್ಮ ಪರದೆಯಲ್ಲಿ ಕಾಣುವ ಎದುರಾಳಿಯ ಜಾಗ ಸ್ವಲ್ಪ ಹಿಂದಿನದು, ಅವರ ಪರದೆಯಲ್ಲಿ ನಿಮ್ಮದೂ ಹಾಗೆಯೇ. ದೂರದ ದೇಶದವರ ಜೊತೆ ಆಡುವಾಗ ಅಂತರ ಜಾಸ್ತಿ. ಕಡಿಮೆ ಮಾಡಲು ವೈ-ಫೈ ರೂಟರ್ ಇರುವ ಕೋಣೆಯಲ್ಲೇ ಕೂತು ಆಡಿ. ಎದುರಾಳಿಗಳ ಹುಡುಕಾಟದಲ್ಲೇ ಸಂಪರ್ಕ ಕಡಿದು 2618ರಿಂದ ಶುರುವಾಗುವ ದೋಷ ಸಂಖ್ಯೆ ಬಂದರೆ, ಸಿಸ್ಟಂ ಸೆಟ್ಟಿಂಗ್ಸ್‌ನ ಇಂಟರ್ನೆಟ್ ಭಾಗದಲ್ಲಿ ಸಂಪರ್ಕ ಪರೀಕ್ಷೆ ಮಾಡಿ ‘ಎನ್‌ಎಟಿ’ ಬಗೆ (ಹೊರಗಿನ ಸಂಪರ್ಕಗಳನ್ನು ರೂಟರ್ ಎಷ್ಟು ಬಿಡುತ್ತದೆ ಎಂಬುದರ ದರ್ಜೆ) ನೋಡಿ. ಎ ಅಥವಾ ಬಿ ಇದ್ದರೆ ಒಳ್ಳೆಯದು. ಡಿ ಬಂದರೆ ರೂಟರ್‌ನ ಸೆಟ್ಟಿಂಗ್ ಬದಲಿಸಬೇಕು, ಇಲ್ಲವೇ ಬೇರೆ ಸಂಪರ್ಕದಲ್ಲಿ ಪರೀಕ್ಷಿಸಬೇಕು.

ಆನ್‌ಲೈನ್‌ಗೆ ನಿಂಟೆಂಡೊ ಸ್ವಿಚ್ ಆನ್‌ಲೈನ್ ಚಂದಾ ಬೇಕು. ಎಲ್ಲರೂ ಶುರು ಮಾಡುವುದು, ಫಲಿತಾಂಶಕ್ಕೆ ತಕ್ಕಂತೆ ಏರಿಳಿಯುವ 1000 ರೇಟಿಂಗ್‌ನಿಂದ.

ಗಾಡಿ ತಾನಾಗಿ ಒಂದು ಕಡೆ ಎಳೆಯುತ್ತಿದೆ. ಯಂತ್ರ ಕೆಟ್ಟಿತೇ?

ಅವಸರ ಬೇಡ, ಮೊದಲು ಓರೆ ನಿಯಂತ್ರಣ ನೋಡಿ. ಯಂತ್ರವನ್ನು ವಾಲಿಸಿ ಗಾಡಿ ತಿರುಗಿಸುವ ಆ ಆಯ್ಕೆ ಚಾಲೂ ಇದ್ದರೆ, ಮಲಗಿಕೊಂಡು ಆಡುವಾಗ ಗಾಡಿ ಹೀಗೇ ಎಳೆಯುತ್ತದೆ. ಸ್ಮಾರ್ಟ್ ಸ್ಟೀರಿಂಗ್ ಇರುವ ಮೆನುವಿನಲ್ಲೇ ಅದೂ ಇದೆ, ಆಫ್ ಮಾಡಿ.

ಅದಲ್ಲವಾದರೆ ಸ್ಟಿಕ್. ಸಿಸ್ಟಂ ಸೆಟ್ಟಿಂಗ್ಸ್, ಅಲ್ಲಿಂದ ಕಂಟ್ರೋಲರ್ಸ್ ಆ್ಯಂಡ್ ಸೆನ್ಸರ್ಸ್, ಅಲ್ಲಿಂದ ಕಂಟ್ರೋಲ್ ಸ್ಟಿಕ್ ಕ್ಯಾಲಿಬ್ರೇಷನ್. ಪರದೆಯಲ್ಲಿ ಬರುವ ವೃತ್ತದ ನಡುವಿನ ಚುಕ್ಕೆ ಕೈ ಬಿಟ್ಟಾಗ ನಡುವೆಯೇ ನಿಲ್ಲಬೇಕು. ಸರಿದಿದ್ದರೆ ಕ್ಯಾಲಿಬ್ರೇಟ್ ಮಾಡಿ. ಮಾಡಿದ ಮೇಲೂ ಸರಿಯುತ್ತಿದ್ದರೆ ಒಳಗಿನ ಸ್ಪರ್ಶಭಾಗ ಸವೆದಿದೆ, ರಿಪೇರಿಯೇ ದಾರಿ. ಮೂಲ ಸ್ವಿಚ್‌ನಲ್ಲಿ ಜಾಯ್-ಕಾನ್ ಮಾತ್ರ ಬಿಚ್ಚಿ ಕಳಿಸಬಹುದು. ಲೈಟ್‌ನಲ್ಲಿ ಇಡೀ ಯಂತ್ರವೇ ಹೋಗಬೇಕು.

ಚಾರ್ಜ್ ಎಷ್ಟು ಹೊತ್ತು ಬರುತ್ತದೆ?

ನಿಂಟೆಂಡೊ ಕೊಟ್ಟಿರುವ ಅಂದಾಜು: 2017ರ ಮೊದಲ ಸ್ವಿಚ್ 2.5ರಿಂದ 6.5 ಗಂಟೆ, 2019ರ ಸುಧಾರಿತ ಮಾದರಿ ಮತ್ತು ಓಲೆಡ್ 4.5ರಿಂದ 9, ಲೈಟ್ 3ರಿಂದ 7. ಪರದೆಯ ಬೆಳಕು ತಗ್ಗಿಸಿದರೆ ವ್ಯತ್ಯಾಸ ಕಾಣುತ್ತದೆ. ಒಬ್ಬರೇ ಆಡುವಾಗ ಏರ್‌ಪ್ಲೇನ್ ಮೋಡ್ ಹಾಕಿ. ಯಂತ್ರಕ್ಕೆ ಸಿಕ್ಕಿಸಿದ ಜಾಯ್-ಕಾನ್ ಆಗಲೂ ಕೆಲಸ ಮಾಡುತ್ತದೆ.

ಹಳೆಯ ಕೈಯಂತ್ರದ ಕಾರ್ಟ್ ಆಟಗಳು ಇಂದಿಗೂ ಆಡುವಂತಿವೆಯೇ?

ಡಿಎಸ್‌ನದು ಖಂಡಿತ. ಕೆಳಗಿನ ಪರದೆಯ ನಕ್ಷೆಯಲ್ಲಿ ಹಿಂದಿನಿಂದ ಬರುವ ಶೆಲ್ ಕಾಣುವುದು ಎಷ್ಟು ಉಪಯೋಗವೆಂದು ಆಡಿದವರಿಗೇ ಗೊತ್ತು. ಅದರಲ್ಲಿ ಕಿಡಿ ತಾನಾಗಿ ಏರುವುದಿಲ್ಲ. ಡ್ರಿಫ್ಟ್‌ನಲ್ಲಿ ದಿಕ್ಕಿನ ಬಟನ್ನನ್ನು ಎಡ-ಬಲ ಆಡಿಸಬೇಕು. ಬೆರಳು ಚುರುಕಾದವರು ನೇರ ರಸ್ತೆಯಲ್ಲೂ ಅಂಕುಡೊಂಕಾಗಿ ಡ್ರಿಫ್ಟ್ ಮಾಡುತ್ತ ಟರ್ಬೊ ಮೇಲೆ ಟರ್ಬೊ ಪಡೆಯುತ್ತಿದ್ದರು. ‘ಸ್ನೇಕಿಂಗ್’ ಎಂಬ ಈ ಚಾಲಾಕಿತನ ಆನ್‌ಲೈನ್ ರೇಸ್‌ಗಳನ್ನು ಎರಡು ಪಂಗಡ ಮಾಡಿತ್ತು. ಆ ಆನ್‌ಲೈನ್ ಸೇವೆ 2014ರ ಮೇನಲ್ಲಿ, 3ಡಿಎಸ್‌ನದು 2024ರ ಏಪ್ರಿಲ್‌ನಲ್ಲಿ ನಿಂತಿತು. ಎರಡರಲ್ಲೂ ಅಕ್ಕಪಕ್ಕ ಕೂತು ಆಡುವುದು ಈಗಲೂ ನಡೆಯುತ್ತದೆ.

‘ಮಾರಿಯೊ ಕಾರ್ಟ್ 7’ ಗ್ಲೈಡರ್, ನೀರೊಳಗಿನ ಓಟ, ಗಾಡಿ ಜೋಡಣೆ ಮೂರನ್ನೂ ತಂದ ಆಟ. ‘8’ ಆಡಿದವರಿಗೆ ಮನೆಯಂತೆಯೇ ಅನ್ನಿಸುತ್ತದೆ. ‘ಸೂಪರ್ ಸರ್ಕಿಟ್’ ಜಾರುವ ರೀತಿ ಮಾತ್ರ ಒರಟು, ಹೊಂದಿಕೊಳ್ಳಲು ಸಹನೆ ಬೇಕು. ಸ್ವಿಚ್ ಆನ್‌ಲೈನ್‌ನ ಎಕ್ಸ್‌ಪ್ಯಾನ್ಶನ್ ಪ್ಯಾಕ್ (ಅದೇ ಚಂದಾದ ಮೇಲ್ದರ್ಜೆ) ಇದ್ದವರಿಗೆ ಅದು ಪ್ರತ್ಯೇಕ ಖರ್ಚಿಲ್ಲದೆ ಸಿಗುತ್ತದೆ.

ಮಾರಿಯೊ ಬಿಟ್ಟು ಬೇರೆ ಏನಿದೆ?

ಸ್ವಿಚ್‌ನಲ್ಲೇ 2019ರ ‘ಕ್ರ್ಯಾಶ್ ಟೀಂ ರೇಸಿಂಗ್ ನೈಟ್ರೊ-ಫ್ಯೂಯೆಲ್ಡ್’ ಇದೆ. ಸೆಕೆಂಡಿಗೆ 30 ಫ್ರೇಮ್ ಅನ್ನುವುದು ಕೊರತೆ, ಡ್ರಿಫ್ಟ್ ಮಾತ್ರ ಇನ್ನೂ ಆಳ: ಒಂದು ಭುಜದ ಬಟನ್‌ನಿಂದ ಜಾರುತ್ತ, ಮೀಟರ್ ಕೆಂಪಾದಾಗ ಇನ್ನೊಂದನ್ನು ಒತ್ತಬೇಕು, ಒಂದೇ ಡ್ರಿಫ್ಟ್‌ನಲ್ಲಿ ಮೂರು ಸಲದ ತನಕ. ಐಟಂ ಗಲಾಟೆ ಸಾಕಾಗಿ ಓಡಿಸುವುದರಲ್ಲೇ ಮುಳುಗಬೇಕು ಅನ್ನುವವರು ಅದನ್ನು ನೋಡಬಹುದು. ಮನೆಮಂದಿಯೆಲ್ಲ ಆಡುವುದಾದರೆ ಅದು ಹೊಸಬರಿಗೆ ಕಠಿಣ.

‘8 ಡಿಲಕ್ಸ್’ಗೆ ಹೆಚ್ಚುವರಿ ಟ್ರ್ಯಾಕ್‌ಗಳನ್ನು ಕೊಳ್ಳಬೇಕೇ?

ಆಟದೊಳಗೇ 48 ಟ್ರ್ಯಾಕ್ ಇವೆ. 2022–23ರಲ್ಲಿ ಆರು ಕಂತುಗಳಲ್ಲಿ ಬಂದ ಬೂಸ್ಟರ್ ಕೋರ್ಸ್ ಪಾಸ್ ಇನ್ನೂ 48 ಸೇರಿಸಿ 96 ಮಾಡಿತು. ಮೊದಲ 48 ಬಾಯಿಪಾಠ ಆಗುವ ತನಕ ಬೇಡ. ಆಮೇಲೆ ಕೊಳ್ಳುವ ಮುನ್ನ ನಿಮ್ಮ ಚಂದಾ ಯಾವುದೆಂದು ನೋಡಿ: ಎಕ್ಸ್‌ಪ್ಯಾನ್ಶನ್ ಪ್ಯಾಕ್‌ನಲ್ಲಿ ಪಾಸ್ ಸೇರಿದೆ, ಚಂದಾ ಮುಗಿದರೆ ಆ ಟ್ರ್ಯಾಕ್‌ಗಳೂ ಮುಚ್ಚುತ್ತವೆ. ಪಾಸ್ ಇಲ್ಲದವರೂ ಅದು ಇರುವ ಸ್ನೇಹಿತರ ಕೋಣೆಗೆ ಸೇರಿದಾಗ ಆ ಟ್ರ್ಯಾಕ್‌ಗಳಲ್ಲಿ ಓಡಿಸಬಹುದು.